ಗೇಟಿಗೆ ಮುಟ್ಟಿದ ತಾರೀಖು

ಪ್ರತಿ ವರ್ಷ ಏಪ್ರಿಲ್ ಒಂದನೇ ತಾರೀಖು ಬೆಳಿಗ್ಗೆ ಷಣ್ಮುಖಪ್ಪ ಕೈಕಾಲು ತೊಳೆದುಕೊಂಡು ಬಂದು ಕುಳಿತು, ಹಳೆಯ ಇನ್‌ವರ್ಡ್ ರಿಜಿಸ್ಟರಿನ ಮೊದಲ ಹಾಳೆಯಲ್ಲಿದ್ದುದನ್ನು ಹೊಸ ರಿಜಿಸ್ಟರಿನ ಮೊದಲ ಹಾಳೆಗೆ ಇದ್ದ ಹಾಗೇ ಇಳಿಸುತ್ತಿದ್ದ. ಇದ್ದದ್ದು ಮೂರೇ ಸಾಲು. ಕಾಗದ ಗೇಟಿಗೆ ಮುಟ್ಟಿದ ದಿನವೇ ಅದರ ತಾರೀಖು, ಒಡೆದು ಓದಿದ ದಿನವಲ್ಲ. ಲೆಟರ್‌ಹೆಡ್ ಇಲ್ಲದ ಕಾಗದವನ್ನು ರಿಜಿಸ್ಟರಿಗೆ ಏರಿಸತಕ್ಕದ್ದಲ್ಲ, ಕೈಯಾರೆ ಮುಟ್ಟಿಸತಕ್ಕದ್ದು. ವರ್ಷದ ಕೊನೆಯ ಹಾಳೆಯಲ್ಲಿ ಕಳೆದುಹೋದ ಮತ್ತು ತಡವಾದ ಕಾಗದಗಳೆಷ್ಟೆಂದು ನಮೂದಿಸಿ ರುಜು ಹಾಕತಕ್ಕದ್ದು.

ಇದನ್ನು ಮೊದಲು ಬರೆದ ಹೆಡ್‌ಕ್ಲಾರ್ಕ್ ಯಾರೋ, ತೀರಿಕೊಂಡು ಎಷ್ಟು ಕಾಲವಾಯಿತೋ. ಷಣ್ಮುಖಪ್ಪ ಇಪ್ಪತ್ತಾರು ಸಲ ನಕಲು ಮಾಡಿದ್ದ. ಕೊನೆಯ ಹಾಳೆಯಲ್ಲಿ ಇಪ್ಪತ್ತಾರು ಸಲವೂ ‘ಇಲ್ಲ’ ಎಂದು ಬರೆದು ರುಜು ಹಾಕಿದ್ದ.

ಸಂಗಮ ಕ್ಯಾಸ್ಟಿಂಗ್ಸ್ ಇದ್ದದ್ದು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆಯಲ್ಲಿ. ಪಂಪು, ಮೋಟಾರುಗಳ ಕವಚಗಳನ್ನು ಎರಕ ಹೊಯ್ಯುವ ಕಾರ್ಖಾನೆ, ಮುನ್ನೂರು ಜನರ ದುಡಿಮೆ. ಟಪಾಲು ಸೆಕ್ಷನ್ ಅಂದರೆ ಒಂದು ಮೇಜು, ಒಂದು ಕಬ್ಬಿಣದ ಬೀರು, ಒಂದು ಬಿದಿರಿನ ಬುಟ್ಟಿ, ಮತ್ತು ಷಣ್ಮುಖಪ್ಪ. ಲೆಟರ್‌ಹೆಡ್ ಇದ್ದದ್ದು ರಿಜಿಸ್ಟರಿಗೆ ಹೋಗುತ್ತಿತ್ತು. ಊರಿನಿಂದ ಬಂದ ಇನ್‌ಲ್ಯಾಂಡು, ಮದುವೆ ಕಾಗದ, ಜ್ವರ ಬಂದವನ ರಜೆ ಅರ್ಜಿ, ತಮಿಳಿನಲ್ಲಿ ವಿಳಾಸ ಬರೆದ ಕಾರ್ಡು, ಇವೆಲ್ಲ ಬುಟ್ಟಿಗೆ. ಮಧ್ಯಾಹ್ನ ಊಟದ ಸೈರನ್ ಆಗುವ ಹೊತ್ತಿಗೆ ಬುಟ್ಟಿಯನ್ನು ಕಂಕುಳಿಗೆ ಇರುಕಿಕೊಂಡು ಕುಲುಮೆಯ ಶೆಡ್ಡಿಗೆ ತಾನೇ ಹೋಗುತ್ತಿದ್ದ. ಅಚ್ಚು ಕಟ್ಟುವ ನಾಗಯ್ಯ ಮಣ್ಣಾದ ಎರಡೂ ಕೈಯನ್ನು ಮೇಲಕ್ಕೆತ್ತಿ, “ನೀನೇ ಓದು ಮಾರಾಯ, ನನ್ನ ಕೈ ಮುಟ್ಟಿದ್ರೆ ಕಾಗದ ಮಣ್ಣಾಗುತ್ತೆ” ಅನ್ನುತ್ತಿದ್ದ. ಷಣ್ಮುಖಪ್ಪ ಆ ಕಾವಿನಲ್ಲಿ ನಿಂತು ನಾಗಯ್ಯನ ತಂಗಿಯ ಮನೆಯ ಎಮ್ಮೆ ಈದದ್ದು, ಬಾವಿ ಬತ್ತಿದ್ದು, ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಸುತ್ತಲಿನವರೂ ಕೇಳಿಸಿಕೊಂಡು ನಗುತ್ತಿದ್ದರು.

ಮನೆಮನೆಗೆ ಫೋನು ಬಂದ ಮೇಲೆ ಬುಟ್ಟಿ ಖಾಲಿಯಾಗುತ್ತ ಹೋಯಿತು. ಆಮೇಲೆ ಕಂಪ್ಯೂಟರ್ ಬಂತು. ಅವನ ಮೇಜಿನ ಕೆಳಗೆ, ಕಾಲು ಚಾಚುವ ಜಾಗದಲ್ಲೇ, ಬೂದುಬಣ್ಣದ ಒಂದು ಪೆಟ್ಟಿಗೆಯನ್ನು ತಂದಿಟ್ಟು ಅದಕ್ಕೆ ಸರ್ವರ್ ಅಂದರು. ಕಾಗದವೆಲ್ಲ ಇನ್ನು ಇದರೊಳಗೇ ಬರುತ್ತದೆ ಅಂದರು. ಬಂತು. ಮೊದಲ ವರ್ಷ ದಿನಕ್ಕೆ ಹತ್ತು. ಎರಡು ಸಾವಿರದ ಮೂರು ಮುಗಿಯುವ ಹೊತ್ತಿಗೆ ದಿನಕ್ಕೆ ಮುನ್ನೂರು ಮುನ್ನೂರೈವತ್ತು, ಅದರಲ್ಲಿ ಕಂಪನಿಯ ಕೆಲಸದ್ದು ಇಪ್ಪತ್ತು. ಉಳಿದದ್ದು ಗುಳಿಗೆ ಮಾರುವವರು, ಲಾಟರಿ ಹೊಡೆದಿದೆ ಎನ್ನುವವರು, ಹೆಸರೇ ಕೇಳದ ದೇಶದ ಮಂತ್ರಿಯ ವಿಧವೆಯರು. ಷಣ್ಮುಖಪ್ಪ ಹೊಳೆಹೊನ್ನೂರಿನ ಕಡೆಯ ಹಳ್ಳಿಯಲ್ಲಿ ಭತ್ತದ ಕಣದಲ್ಲಿ ಹುಟ್ಟಿ ಬೆಳೆದವನು. ಅವನು ಅದಕ್ಕೆ ಜೊಳ್ಳು ಅಂದ. ಆಫೀಸಿನವರೆಲ್ಲ ಜೊಳ್ಳು ಅನ್ನತೊಡಗಿದರು. ಟೆಲಿಫೋನಿನ ತಂತಿ ಸಣ್ಣದು, ಈ ಜೊಳ್ಳೆಲ್ಲ ಒಳಗೆ ಬಂದು ಮುಗಿಯುವ ತನಕ ಗಿರಾಕಿಯ ಡ್ರಾಯಿಂಗ್ ಹೊರಗೇ ನಿಲ್ಲಬೇಕು. ಡಿಸೆಂಬರಿನಲ್ಲಿ ಜೊಳ್ಳಿನ ಜೊತೆ ವೈರಸ್ ಬಂದು ಪೆಟ್ಟಿಗೆ ಎರಡು ದಿನ ಮಲಗಿತು.

ಆಗ ಸಿಬ್ಬಂದಿಯ ವಿಷಯ ನೋಡಿಕೊಳ್ಳುವ ಪರ್ಸನಲ್ ಆಫೀಸರ್ ಯಜ್ಞನಾರಾಯಣ ಶಿವಮೊಗ್ಗದಿಂದ ಜ್ಞಾನೇಶ್ ಎಂಬವನನ್ನು ಕರೆಸಿದರು. ಮೂವತ್ತೈದರ ಗಂಡಸು, ದುರ್ಗಿಗುಡಿಯಲ್ಲಿ ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ ಹಿಡಿದು, ಕಂಪನಿಗಳ ಮೇಲ್ ಶುದ್ಧ ಮಾಡಿಕೊಡುವ ಕೆಲಸ ಶುರುಮಾಡಿದ್ದ.

“ನಿಮ್ಮ ಮೇಲ್ ಎಲ್ಲಾ ಮೊದ್ಲು ಶಿವಮೊಗ್ಗದಲ್ಲಿ ನನ್ನ ಮೆಷಿನ್‌ಗೆ ಬರುತ್ತೆ ಸಾರ್. ಅಲ್ಲಿ ಸೋಸಿ, ಒಳ್ಳೇದನ್ನ ಮಾತ್ರ ಇಲ್ಲಿಗೆ ಬಿಡ್ತೀನಿ. ಕಸ ನಿಮ್ಮ ಕಾಂಪೌಂಡಿನೊಳಗೇ ಬರಲ್ಲ” ಅಂದ.

“ಅಂದ್ರೆ ನಮ್ಮ ಗೇಟನ್ನ ದುರ್ಗಿಗುಡಿಗೆ ತಗೊಂಡು ಹೋಗಿ ಇಡ್ತೀರಿ” ಅಂದ ಷಣ್ಮುಖಪ್ಪ.

“ಹೂಂ, ಗೇಟೇ ಅನ್ಕೊಳಿ.”

ಯಜ್ಞನಾರಾಯಣ ನಕ್ಕು, “ವಾಚ್‌ಮನ್ನನ್ನ ಮಾತ್ರ ಇಲ್ಲೇ ಬಿಡಿ” ಅಂದರು.

ಏರ್ಪಾಡು ಹೀಗಿತ್ತು. ಗೊತ್ತಿರುವವರ ಪಟ್ಟಿಯೊಂದು ಇರುತ್ತದೆ. ಪಟ್ಟಿಯಲ್ಲಿದ್ದವರ ಮೇಲ್ ನೇರ ಒಳಕ್ಕೆ. ಇಲ್ಲದವರದ್ದು ಶಿವಮೊಗ್ಗದಲ್ಲೇ ತಡೆದು ನಿಲ್ಲುತ್ತದೆ. ಹಾಗೆ ನಿಂತವುಗಳ ಯಾದಿ ದಿನಾ ಬೆಳಿಗ್ಗೆ ಷಣ್ಮುಖಪ್ಪನಿಗೆ ಬರುತ್ತದೆ, ಅವನು ನೋಡಿ ಬೇಕಾದ್ದಕ್ಕೆ ಗುರುತು ಹಾಕಿದರೆ ಬಿಡುತ್ತಾರೆ. ಗುರುತು ಬೀಳದವನ್ನು ಹದಿನೈದನೇ ದಿನ ಸಂಜೆ ಆರಕ್ಕೆ ಮೆಷಿನ್ನು ತಾನೇ ಗುಡಿಸಿ ಹಾಕುತ್ತದೆ.

“ಪಟ್ಟಿ ನೀವೇ ಮಾಡ್ಕೊಡಿ. ಈ ಕಂಪನಿಗೆ ಯಾರ್ಯಾರು ಬರೀತಾರೆ ಅಂತ ನಿಮಗಿಂತ ಗೊತ್ತಿರೋರು ಇನ್ಯಾರು?” ಅಂದ ಜ್ಞಾನೇಶ್.

ಆ ಮಾತಿಗೆ ಷಣ್ಮುಖಪ್ಪ ಒಳಗೊಳಗೇ ಹಿಗ್ಗಿದ. ನಾಲ್ಕು ದಿನ ಕುಳಿತು ಮೂರು ವರ್ಷದ ರಿಜಿಸ್ಟರುಗಳನ್ನು ಮುಂದಿಟ್ಟುಕೊಂಡು, ಒಂದೊಂದು ನಮೂದಿಗೂ ಫೈಲು ತೆಗೆದು, ಲೆಟರ್‌ಹೆಡ್ಡಿನ ಕೆಳತುದಿಯಲ್ಲಿ ಅಚ್ಚಾಗಿದ್ದ ಇ-ಮೇಲ್ ವಿಳಾಸಗಳನ್ನು ದುಂಡಗೆ ಬರೆದ. ಇನ್ನೂರ ಹದಿನಾಲ್ಕು ಆಯಿತು. ಕೊಯಮತ್ತೂರಿನ ಬೇರಿಂಗ್ ಅಂಗಡಿಯೂ ಬಿಟ್ಟುಹೋಗಲಿಲ್ಲ. ಬುಟ್ಟಿಗೆ ಬೀಳುತ್ತಿದ್ದ ಕಾಗದ ರಿಜಿಸ್ಟರಿನಲ್ಲಿ ಇರುವುದಿಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಇಪ್ಪತ್ತಾರು ವರ್ಷ ಅವನ್ನು ಏರಿಸದೇ ಇದ್ದು ರೂಢಿಯಾದ ಕೈ. ಮರೆತೆ ಅನ್ನುವ ಹಾಗೂ ಇರಲಿಲ್ಲ. ಅಷ್ಟು ಸಹಜವಾಗಿ ಬಿಟ್ಟುಹೋಗಿತ್ತು.

ಫೆಬ್ರವರಿ ನಡುವಿನಲ್ಲಿ ಸೋಸುವುದು ಶುರುವಾಯಿತು. ಮೊದಲ ವಾರ ಷಣ್ಮುಖಪ್ಪ ತಡೆದು ನಿಂತವುಗಳ ಯಾದಿಯನ್ನು ಪರದೆಯ ಗಾಜಿನ ಮೇಲೆ ಬೆರಳಿಟ್ಟು ಸಾಲುಸಾಲಾಗಿ ಓದಿದ. ಒಂದು ಕಾಳೂ ಸಿಗಲಿಲ್ಲ. ಎರಡನೇ ವಾರ ಮೇಲಿನ ಒಂದು ಪುಟ ನೋಡಿ ಬಿಟ್ಟ. ಮೂರನೇ ವಾರಕ್ಕೆ ಕೊರಿಯರ್ ಕೆಲಸವೂ ಅವನ ತಲೆಗೇ ಬಂತು. ಕಣ್ಣು ಬೇರೆ ಉರಿಯುತ್ತಿತ್ತು. ‘ನೋಡಿದೆ’ ಎನ್ನುವ ಗುಂಡಿ ಒತ್ತಿ ಮುಂದಕ್ಕೆ ಹೋಗುವುದು ಅಭ್ಯಾಸವಾಯಿತು.

*

ಯುಗಾದಿ ಕಳೆದು ಎರಡು ದಿನ, ಮಾರ್ಚ್ ಇಪ್ಪತ್ತಮೂರು, ಬೆಳಿಗ್ಗೆ ಹತ್ತೂವರೆಗೆ ನಾಗಯ್ಯನ ಮಗಳು ಅಕ್ಷರಾ ಟಪಾಲು ಮೇಜಿನ ಮುಂದೆ ಬಂದು ನಿಂತಳು. ನಾಗಯ್ಯ ಹೋಗಿ ಒಂದು ವರ್ಷ ಕಳೆದಿತ್ತು. ಅಚ್ಚಿನ ಮುಂದೆ ಕುಕ್ಕರಗಾಲಿನಲ್ಲಿ ಕೂತವನು ಹಾಗೇ ಪಕ್ಕಕ್ಕೆ ವಾಲಿದ್ದ, ಜೀವ ಆಸ್ಪತ್ರೆಯ ತನಕವೂ ಉಳಿದಿರಲಿಲ್ಲ. ಹುಡುಗಿ ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು.

“ಮಾಮ, ನನ್ನ ಅರ್ಜಿ ಬಂದೇ ಇಲ್ಲ ಅಂತಾರೆ ಪರ್ಸನಲ್‌ನಲ್ಲಿ.”

“ಯಾವ ಅರ್ಜಿ?”

“ಅಪ್ಪನ ಕೆಲಸದ್ದು. ಡ್ಯೂಟಿ ಮೇಲೆ ಹೋದೋರ ಮನೇಲಿ ಒಬ್ರಿಗೆ ಕೊಡ್ತಾರಲ್ಲ, ಅದು. ಒಂದು ವರ್ಷದೊಳಗೆ ಹಾಕ್ಬೇಕಿತ್ತು. ಈ ಹತ್ತನೇ ತಾರೀಖಿಗೆ ವರ್ಷ ಆಯ್ತು. ನಾನು ಒಂಬತ್ತಕ್ಕೇ ಕಳಿಸಿದೀನಿ.”

“ಅಷ್ಟು ದಿನ ಏನ್ ಮಾಡ್ತಿದ್ರವ್ವ?”

“ಅಮ್ಮ ಸಹಿ ಹಾಕ್ಬೇಕಲ್ಲ. ನಿಮ್ಮಪ್ಪನ್ನ ತಿಂದ ಜಾಗಕ್ಕೆ ನಿನ್ನನ್ನೂ ಕಳಿಸ್ಲಾ ಅಂತ ಹನ್ನೊಂದು ತಿಂಗಳು ಹಟ. ಎಂಟನೇ ತಾರೀಖು ಹಾಕಿದ್ಲು. ಒಂಬತ್ತರಿಂದ ನನಗೆ ಪ್ರಾಕ್ಟಿಕಲ್ಸು. ನಿಮ್ಮ ನೋಟೀಸಲ್ಲೇ ಇ-ಮೇಲ್ ಮಾಡಬಹುದು ಅಂತ ಇತ್ತು. ಸಂಜೆ ಅಲ್ಲಿನ ಸೈಬರ್ ಕೆಫೆಯಲ್ಲಿ ಎಲ್ಲಾ ಸ್ಕ್ಯಾನ್ ಮಾಡಿಸಿ ಕಳಿಸ್ದೆ.”

ಷಣ್ಮುಖಪ್ಪ ಪೆನ್ನು ಕೆಳಗಿಟ್ಟ. “ಯಾವ ಹೆಸರಿಂದ ಕಳಿಸಿದ್ದು?”

“ನನ್ನ ಐಡಿಯಿಂದ ಅಷ್ಟು ದೊಡ್ಡ ಫೈಲು ಹೋಗ್ಲಿಲ್ಲ. ಕೆಫೆಯವನು ಅವನದೇ ಯಾವ್ದೋ ಐಡಿಯಿಂದ ಕಳಿಸ್ದ. ಏನು ಅಂತ ನೋಡ್ಲಿಲ್ಲ ಮಾಮ. ಅವನು ಹಬ್ಬಕ್ಕೆ ಊರಿಗೆ ಹೋಗಿದಾನೆ, ಶಟರ್ ಎಳೆದಿದೆ.” ಅವಳು ದುಪಟ್ಟಾದಿಂದ ಮುಖ ಒರೆಸಿಕೊಂಡು ಹೇಳಿದಳು, “ಅಮ್ಮ ಏನೂ ಯೋಚ್ನೆ ಮಾಡ್ಬೇಡ ಅಂದ್ಲು. ಷಣ್ಮುಖಪ್ಪ ಇರೋ ತನಕ ಅಲ್ಲಿ ಕಾಗದ ಕಳೆಯಲ್ಲ ಅಂದ್ಲು.”

ಅವನು ಮೇಜಿನ ಮೇಲಿದ್ದ ತಾರೀಖಿನ ಮುದ್ರೆಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ. ಒಂಬತ್ತರಿಂದ ಎಣಿಸಿದ. ಇವತ್ತು ಹದಿನೈದನೇ ದಿನ.

“ನೀನು ಮನೆಗೆ ಹೋಗು. ಅಮ್ಮನಿಗೆ ಏನೂ ಹೇಳ್ಬೇಡ. ನಾಳೆ ಬೆಳಿಗ್ಗೆ ಬಾ.”

“ನಾನೂ ಬರ್ತೀನಿ ಮಾಮ, ಎಲ್ಲಿಗೆ ಹೋಗ್ಬೇಕು?”

“ಬೇಡ ಮಾರಾಯ್ತಿ. ಇದು ನನ್ನ ಕೆಲಸ.”

ಅರ್ಧ ದಿನದ ರಜೆ ಚೀಟಿಗೆ ಸಹಿ ಹಾಕುತ್ತ ಯಜ್ಞನಾರಾಯಣ ಕನ್ನಡಕದ ಮೇಲಿನಿಂದ ನೋಡಿದರು. “ಈ ಬಿಸಿಲಲ್ಲಿ ಶಿವಮೊಗ್ಗಕ್ಕಾ? ಆ ಹುಡುಗಿ ವಿಷಯಕ್ಕೆ ತಾನೆ? ಸಿಕ್ಕಿದ್ರೂ ಏನ್ ಮಾಡ್ತೀರಿ, ವರ್ಷ ಮುಗೀತಲ್ಲ.”

“ಸಿಗ್ಲಿ ಸಾರ್ ಮೊದ್ಲು.”

*

ಬಸ್ಸಿನಲ್ಲಿ ನಿಂತೇ ಹೋದ. ದುರ್ಗಿಗುಡಿಗೆ ಬಂದಾಗ ಒಂದೂವರೆ. ಕನ್ನಡಕದ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಬಾಗಿಲಿಗೆ ಬೀಗ. ಕೆಳಗಿಳಿದು ಕಾಯಿನ್ ಫೋನಿನಿಂದ ಜ್ಞಾನೇಶನ ಕೋಣೆಯ ನಂಬರಿಗೆ ಮಾಡಿದ, ಮೇಲೆ ಗಂಟೆ ಹೊಡೆಯುವುದು ಕೇಳಿಸಿತು. ಎತ್ತುವವರಿಲ್ಲ. ಮತ್ತೆ ಮೆಟ್ಟಿಲು ಹತ್ತಿದ, ಮತ್ತೆ ಇಳಿದ. ಮೂರನೇ ಸಲ ಹತ್ತಿದವನು ಅಲ್ಲೇ ಕುಳಿತುಬಿಟ್ಟ. ಹೆಂಡತಿ ಮಹಾಂತಮ್ಮ ಡಬ್ಬಿಗೆ ಹಬ್ಬದ ಹೋಳಿಗೆ ಹಾಕಿದ್ದಳು, ಎರಡು ದಿನಕ್ಕೆ ಬಿರುಸಾಗಿತ್ತು. ಅಗಿಯುವುದಕ್ಕೂ ಬೇಸರವಾಗಿ ಅರ್ಧ ತಿಂದು ಮುಚ್ಚಿದ. ಗೋಡೆಗೆ ತಲೆಯಾನಿಸಿ, ಆ ಒಂಬತ್ತನೇ ತಾರೀಖಿನ ಮರುದಿನ ಬೆಳಿಗ್ಗೆ ತಾನು ಏನು ಮಾಡುತ್ತಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದ. ಯಾವ ನೆನಪೂ ಬರಲಿಲ್ಲ. ಗುಂಡಿ ಒತ್ತಿದ್ದಕ್ಕೆ ಯಾರಿಗೆ ನೆನಪು ಇರುತ್ತದೆ.

ಮೂರೂವರೆಗೆ ಜ್ಞಾನೇಶ್ ಬಂದ. “ಅಯ್ಯೋ ಏನ್ ಸಾರ್, ಮೆಟ್ಲ ಮೇಲೆ! ಒಂದು ಫೋನ್ ಮಾಡ್ಬಾರ್ದಾ?”

“ಮಾಡ್ದೆ ಮಾರಾಯ. ನಿಂದು ಬೀಗದೊಳಗೇ ಬಡ್ಕೊಳ್ತಿತ್ತು.”

ವಿಷಯ ಕೇಳಿ ಜ್ಞಾನೇಶ್ ಗಡಿಯಾರ ನೋಡಿದ. “ಒಂಬತ್ತನೇ ತಾರೀಖಿಂದಾ? ಆರಕ್ಕೆ ಗುಡಿಸ್ತಿತ್ತು. ಇರಿ, ಇವತ್ತು ಗುಡಿಸೋದನ್ನ ನಿಲ್ಲಿಸ್ತೀನಿ.” ಏನೋ ಒತ್ತಿದ. “ನಿಂತಿದೆ. ಆದ್ರೆ ಹುಡುಕೋದು ಹೇಗೆ? ಐಡಿ ಗೊತ್ತಿಲ್ಲ, ವಿಷಯ ಏನ್ ಬರೆದಿದಾನೋ ಗೊತ್ತಿಲ್ಲ. ಒಳಗಿರೋದು ಫೋಟೋ, ಅದರೊಳಗಿನ ಹೆಸರು ಮೆಷಿನ್‌ಗೆ ಓದೋಕೆ ಬರಲ್ಲ.”

“ಆ ದಿನದ್ದು ಎಷ್ಟಿದೆ?”

“ನಾನೂರ ಹನ್ನೆರಡು.”

“ತೆಗಿ. ಕೂತು ಓದ್ತೀನಿ.”

ಜ್ಞಾನೇಶ್ ಕುರ್ಚಿ ಎಳೆದು ಕೊಟ್ಟು ತನ್ನ ಕೆಲಸಕ್ಕೆ ಹೋದ. ಷಣ್ಮುಖಪ್ಪ ಬೆರಳನ್ನು ಗಾಜಿನ ಮೇಲಿಟ್ಟ. ಕಳಿಸಿದವರ ಹೆಸರು, ವಿಷಯ, ಹೊತ್ತು, ಕೆ.ಬಿ. ಲೆಕ್ಕದಲ್ಲಿ ಗಾತ್ರ, ಹೀಗೆ ನಾಲ್ಕು ಕಾಲಮು. ಹೆಸರುಗಳೆಲ್ಲ ನಿಜವಾದ ಮನುಷ್ಯರ ಹೆಸರಿನ ಹಾಗೇ ಇದ್ದವು, ಒಂದಕ್ಕೂ ಮುಖವಿರಲಿಲ್ಲ. ‘ನಿಮ್ಮ ಪ್ರಶ್ನೆಗೆ ಉತ್ತರ’ ಎಂದಿದ್ದನ್ನು ನಂಬಿ ತೆಗೆದರೆ ಗುಳಿಗೆ. ‘ತುರ್ತು’ ಎಂದಿದ್ದನ್ನು ತೆಗೆದರೆ ಗಡಿಯಾರ ಮಾರುವವನು. ನೂರು ಸಾಲು ಮುಗಿಯುವಷ್ಟರಲ್ಲಿ ಕಣ್ಣಿನಿಂದ ನೀರು ಇಳಿಯಿತು. ಕರ್ಚೀಫಿನಿಂದ ಒರೆಸಿಕೊಂಡ. ನೂರಾ ಅರವತ್ತಕ್ಕೆ ಸಾಲು ತಪ್ಪಿತು, ನೂರಾನಲವತ್ತಕ್ಕೆ ಹಿಂದೆ ಹೋಗಿ ಮತ್ತೆ ಹಿಡಿದ. ಇದನ್ನು ದಿನಾ ಸ್ವಲ್ಪ ಸ್ವಲ್ಪ ಮಾಡಿದ್ದರೆ ಒಂದು ಲೋಟ ಕಾಫಿಯ ಹೊತ್ತು ಹಿಡಿಯುತ್ತಿತ್ತು.

ಐದಕ್ಕೆ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಒಳಕೋಣೆಯಲ್ಲಿ ಮಾತ್ರ ಬ್ಯಾಟರಿಯ ಮೇಲೆ ಮೆಷಿನ್ನು ಗುಂಯ್ ಅನ್ನುತ್ತಿತ್ತು.

“ಒಂದು ಗಂಟೆ ಬರಲ್ಲ, ಈಗ ದಿನಾ ಇದೇ ಕತೆ” ಅಂದ ಜ್ಞಾನೇಶ್. ಕಿಟಕಿ ತೆಗೆದು ಹತ್ತಿರ ಬಂದು ಕುಳಿತ. ಹೇಳಲೋ ಬೇಡವೋ ಎನ್ನುವ ಹಾಗೆ ಒಮ್ಮೆ ಕೆಮ್ಮಿ, “ಸಾರ್, ತಪ್ಪು ತಿಳ್ಕೊಬೇಡಿ. ನಾಳೆ ನಿಮ್ಮ ಸಾಹೇಬ್ರು ಫಿಲ್ಟರ್ ಸರಿ ಇಲ್ಲ ಅಂತಾರೆ. ನನಗಿರೋದೇ ಐದು ಕಂಪನಿ. ಪಟ್ಟಿ ಕೊಟ್ಟಿದ್ದು ನೀವು. ದಿನಾ ಯಾದಿನೂ ಕಳಿಸಿದೀನಿ, ನೀವು ನೋಡಿದೆ ಅಂತ ಒತ್ತಿರೋದೂ ನನ್ನತ್ರ ಇದೆ” ಅಂದ.

“ಗೊತ್ತು.”

“ನೋಡಿದ್ರಾ ನಿಜವಾಗ್ಲೂ?”

“ಇಲ್ಲ” ಅಂದ ಷಣ್ಮುಖಪ್ಪ. ದೀಪವಿಲ್ಲದ ಕೋಣೆಯಲ್ಲಿ ಆ ಮಾತು ಹೇಳುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. “ಪಟ್ಟಿನೂ ತಪ್ಪು. ಲೆಟರ್‌ಹೆಡ್ ಇದ್ದೋರನ್ನ ಮಾತ್ರ ಬರ್ದೆ. ಇಲ್ದೋರು ಬುಟ್ಟಿಯೋರು. ಬುಟ್ಟಿ ನಾನೇ ಹೊರ್ತಿದ್ದೆ ಅಲ್ವಾ, ಅದಕ್ಕೆ ಬರೆಯೋ ಅಭ್ಯಾಸನೇ ಇರ್ಲಿಲ್ಲ.”

ಜ್ಞಾನೇಶನಿಗೆ ಬುಟ್ಟಿಯ ವಿಷಯ ತಿಳಿಯಲಿಲ್ಲ. ಕೆಳಗಿನಿಂದ ಎರಡು ಟೀ ತರಿಸಿದ.

ಕರೆಂಟು ಬಂದಾಗ ಆರು ದಾಟಿತ್ತು. ಷಣ್ಮುಖಪ್ಪ ಮತ್ತೆ ಬೆರಳಿಟ್ಟ. ಆದರೆ ಹೆಸರುಗಳನ್ನು ಓದುವ ಶಕ್ತಿ ಉಳಿದಿರಲಿಲ್ಲ. ಓದಿದ್ದು ತಲೆಗೆ ಹೋಗುತ್ತಿರಲಿಲ್ಲ. ಬೆರಳು ತಾನಾಗಿಯೇ ಸರಿದು ಕೊನೆಯ ಕಾಲಮಿಗೆ, ಗಾತ್ರದ ಕಾಲಮಿಗೆ ಬಂತು. ಮೂರು, ನಾಲ್ಕು, ಮೂರು, ಇಪ್ಪತ್ತೊಂಬತ್ತು, ನಾಲ್ಕು, ಎರಡು. ಎಲ್ಲ ಹಗುರ. ಕಣದಲ್ಲಿ ಅಪ್ಪ ಮೊರ ಎತ್ತಿ ಗಾಳಿಗೆ ತೂರುವಾಗ ಅವನು ಕೆಳಗೆ ನಿಂತು ನೋಡುತ್ತಿದ್ದದ್ದು ಜೊಳ್ಳನ್ನಲ್ಲ. ಜೊಳ್ಳು ಎತ್ತ ಹಾರಿತೆಂದು ಯಾರೂ ನೋಡುವುದಿಲ್ಲ. ತೂಕದ್ದು ಕಾಲಬುಡದಲ್ಲೇ ಬೀಳುತ್ತದೆ.

“ಜ್ಞಾನೇಶ, ಈ ಜೊಳ್ಳು ಕಳಿಸೋರು ಭಾರದ್ದು ಕಳಿಸ್ತಾರಾ?”

“ಇಲ್ಲ ಸಾರ್, ಲಕ್ಷಗಟ್ಲೆ ಕಳಿಸ್ಬೇಕಲ್ಲ. ಸಣ್ಣದೇ ಇರುತ್ತೆ. ವೈರಸ್ ಇದ್ರೂ ಮೂವತ್ತು ನಲವತ್ತರ ಮೇಲೆ ಹೋಗಲ್ಲ.”

ಅಲ್ಲಿಂದಾಚೆ ಅವನು ಹೆಸರು ಓದಲಿಲ್ಲ. ಅಂಕಿಯ ಮೇಲೇ ಬೆರಳು ಎಳೆಯುತ್ತ ಇಳಿದ. ಮೂರು ಭಾರದ್ದು ಸಿಕ್ಕಿದವು. ಒಂದು ಯಾವುದೋ ಯಂತ್ರದ ಜಾಹೀರಾತು. ಒಂದು ಮದುವೆ ಕಾಗದ. ಅದು ಲೇತ್ ಸೆಕ್ಷನ್ನಿನ ಒಬ್ಬನಿಗೆ ಬಂದದ್ದು, ಮದುವೆ ಮುಗಿದು ಒಂದು ವಾರವಾಗಿತ್ತು. ಷಣ್ಮುಖಪ್ಪ ಅದರ ಹೆಸರನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡ. ಮೂರನೆಯದು ಮುನ್ನೂರ ಎಂಬತ್ತನಾಲ್ಕನೇ ಸಾಲು, ವಿಷಯದ ಜಾಗ ಖಾಲಿ, ಗಾತ್ರ ಎಂಟುನೂರ ಹತ್ತು, ಹೊತ್ತು ಸಂಜೆ ಐದು ನಲವತ್ತೆರಡು.

“ತೆಗಿ ಇದನ್ನ.”

ಮೆಷಿನ್ನು ನಿಧಾನ. ಚಿತ್ರ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯತೊಡಗಿತು. ಮೊದಲು ಕಂಪನಿಯ ಹೆಸರು. ಆಮೇಲೆ ಎಣ್ಣೆ ಹಾಕಿ ಬಾಚಿದ ಕೂದಲು. ಹಣೆ, ಹಣೆಯ ಮೇಲೆ ಮೂರು ಗೆರೆ ವಿಭೂತಿ. ಕಣ್ಣು ಬರುವಷ್ಟರಲ್ಲಿ ಷಣ್ಮುಖಪ್ಪನಿಗೆ ಗೊತ್ತಾಗಿತ್ತು. ನಾಗಯ್ಯನ ಗುರುತಿನ ಕಾರ್ಡು. ಫೋಟೋ ತೆಗೆಸುವ ದಿನ ಅಚ್ಚಿನ ಮಣ್ಣು ತೊಳೆದುಕೊಂಡು ಬಂದು, ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಹದಿನೈದು ದಿನ ಈ ಮುಖ ಇಲ್ಲಿ, ಗುಳಿಗೆ ಮಾರುವವರ ನಡುವೆ ಕಾಯುತ್ತ ಕೂತಿತ್ತು.

“ಇದೇನಾ ಸಾರ್?”

“ಇದೇ” ಅಂದ. 

“ಈಗ ಬಿಟ್ರೆ ನಿಮ್ಮ ಸರ್ವರ್‌ನಲ್ಲಿ ಇವತ್ತಿನ ತಾರೀಖೇ ಬೀಳುತ್ತೆ. ಇಲ್ಲಿಗೆ ಒಂಬತ್ತಕ್ಕೆ ಬಂದಿತ್ತು ಅಂತ ಬೇಕಾದ್ರೆ ಪ್ರಿಂಟ್ ಕೊಡ್ತೀನಿ.”

“ಕೊಡು. ಪಟ್ಟಿ ನಂದು, ನೋಡ್ದೆ ಒತ್ತಿದ್ದು ನಾನು ಅಂತ ನಿನಗೂ ಒಂದು ಬರ್ಕೊಡ್ತೀನಿ. ಹಾಳೆ ತಾ.”

ಜನ್ನಾಪುರದ ಮನೆ ಸೇರಿದಾಗ ಎಂಟೂವರೆ. ಮಹಾಂತಮ್ಮ ಡಬ್ಬಿ ತೆಗೆದು ನೋಡಿ, “ತಿಂದೇ ಇಲ್ಲ. ಹೋದ ಕೆಲಸ ಏನಾಯ್ತು?” ಅಂದಳು.

“ಸಿಕ್ತು.”

“ಮತ್ಯಾಕೆ ಮುಖ ಹೀಗೆ?”

“ಸಿಕ್ತಲ್ಲ, ಅದಕ್ಕೇ” ಅಂದು ಕಾಲು ತೊಳೆಯಲು ಹೋದ.

*

ಮರುದಿನ ಯಜ್ಞನಾರಾಯಣ ಅರ್ಜಿಯ ಪ್ರಿಂಟು, ಜ್ಞಾನೇಶ್ ಕೊಟ್ಟ ತಾರೀಖಿನ ಪ್ರಿಂಟು, ಎರಡನ್ನೂ ಮುಂದಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಕೆಟ್ಟ ಮನುಷ್ಯರಲ್ಲ. ಕಾಗದದಲ್ಲಿ ಇದ್ದದ್ದನ್ನು ಬಿಟ್ಟು ಬೇರೆ ಏನನ್ನೂ ನೋಡಬಾರದೆಂದು ಕಲಿತವರು. ಅಕ್ಷರಾ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

“ನಮ್ಮ ಸರ್ವರ್‌ಗೆ ಬಂದದ್ದು ಇಪ್ಪತ್ತಮೂರಕ್ಕೆ. ವರ್ಷ ಮುಗಿದದ್ದು ಹತ್ತಕ್ಕೆ. ಇದನ್ನ ಎಂ.ಡಿ. ಹತ್ರ ತಗೊಂಡು ಹೋದ್ರೆ ನನ್ನನ್ನೇ ಕೇಳ್ತಾರೆ.”

“ಗೇಟಿಗೆ ಬಂದದ್ದು ಒಂಬತ್ತಕ್ಕೆ ಸಾರ್.”

“ಶಿವಮೊಗ್ಗದ ಯಾವನದೋ ಕೋಣೆ ನಮ್ಮ ಗೇಟು ಹೇಗಾಗುತ್ತೆ ರೀ?”

ಷಣ್ಮುಖಪ್ಪ ರಿಜಿಸ್ಟರನ್ನು ತಂದಿದ್ದ. ಮೊದಲ ಹಾಳೆ ಬಿಡಿಸಿ ಮೇಜಿನ ಮೇಲೆ ತಿರುಗಿಸಿಟ್ಟ. “ಮೊದಲ್ನೇ ಸಾಲು ನೋಡಿ. ಆ ದಿನ ಗೇಟು ದುರ್ಗಿಗುಡಿಗೆ ಹೋಯ್ತು ಅಂದಾಗ ನೀವೇ ನಕ್ಕಿದ್ರಿ. ವಾಚ್‌ಮನ್ನನ್ನ ಇಲ್ಲೇ ಬಿಡಿ ಅಂದ್ರಿ.”

ಯಜ್ಞನಾರಾಯಣರಿಗೆ ನೆನಪಾಯಿತು. ಕನ್ನಡಕ ತೆಗೆದು ಮೂಗಿನ ಮೇಲೆ ಅದು ಒತ್ತಿದ ಜಾಗವನ್ನು ಉಜ್ಜಿಕೊಂಡರು. “ಸರಿ, ಗೇಟೇ ಅನ್ನೋಣ. ಹಾಗಾದ್ರೆ ಗೇಟಿಗೆ ಬಂದ ಕಾಗದ ಹದಿನೈದು ದಿನ ಅಲ್ಲೇ ಯಾಕೆ ಬಿದ್ದಿತ್ತು? ಅದನ್ನೂ ಯಾರಾದ್ರೂ ಬರೀಬೇಕಲ್ಲ. ನೀವು ಇನ್ನು ಹದಿನಾಲ್ಕು ತಿಂಗಳಿಗೆ ರಿಟೈರು. ಸರ್ವೀಸ್ ಬುಕ್ಕಲ್ಲಿ ಒಂದು ಚುಕ್ಕೆ ಇಲ್ಲ. ಸುಮ್ನೆ ಇಪ್ಪತ್ತಮೂರಕ್ಕೆ ಬಂತು ಅಂತ ಬಿಟ್ರೆ ಯಾರ ತಪ್ಪೂ ಇಲ್ಲ. ಆ ಹುಡುಗಿ ನಸೀಬು ಅಷ್ಟೇ.”

ಹೊರಗೆ ಬೆಂಚು ಕಿರುಗುಟ್ಟಿತು. ಷಣ್ಮುಖಪ್ಪನಿಗೆ ಬಹಳ ದಣಿವಾಗಿತ್ತು. ನಿನ್ನೆಯ ಮೆಟ್ಟಿಲುಗಳು ಮೊಣಕಾಲಿನಲ್ಲೇ ಇದ್ದವು. ಸುಮ್ಮನೆ ತಲೆಯಾಡಿಸಿ ಹೋಗಿ ಕುರ್ಚಿಯಲ್ಲಿ ಕೂತುಬಿಡಬೇಕು ಎನ್ನುವ ಆಸೆ ಬಂದದ್ದು ಸುಳ್ಳಲ್ಲ. ತಲೆಯಾಡಿಸಿದರೆ ಕೊನೆಯ ಹಾಳೆಯಲ್ಲಿ ಇಪ್ಪತ್ತೇಳನೇ ಸಲವೂ ‘ಇಲ್ಲ’ ಎಂದು ಬರೆಯಬಹುದು. ಬರೆದ ಆ ಪದವನ್ನು ನೋಡುವವನು ಅವನೊಬ್ಬನೇ. ಇಷ್ಟು ವರ್ಷ ನೋಡಿ ಹಿಗ್ಗಿದವನೂ ಅವನೊಬ್ಬನೇ.

“ಪೆನ್ನು ಕೊಡಿ ಸಾರ್” ಅಂದ.

ರಿಜಿಸ್ಟರಿನ ಕೊನೆಯ ಹಾಳೆ ತೆಗೆದು, ನಿಂತೇ ಬರೆದ. ‘ತಡವಾದ ಕಾಗದಗಳು: ಎರಡು. ಒಂದು, ದಿವಂಗತ ನಾಗಯ್ಯನವರ ಮಗಳ ಅರ್ಜಿ. ಇನ್ನೊಂದು, ಲೇತ್ ಸೆಕ್ಷನ್ನಿಗೆ ಬಂದ ಮದುವೆ ಕಾಗದ. ಪಟ್ಟಿಯಲ್ಲಿ ಸೇರಿಸದೆ ಬಿಟ್ಟವನೂ, ಯಾದಿಯನ್ನು ನೋಡದೆ ನೋಡಿದೆನೆಂದವನೂ ನಾನೇ.’ ರುಜು ಹಾಕಿದ.

ಯಜ್ಞನಾರಾಯಣ ಓದಿದರು. “ಮದುವೆ ಕಾಗದ ಯಾಕೆ ಬರೆದ್ರಿ? ಅದನ್ನ ಯಾರು ಕೇಳಿದ್ರು?”

“ತಡ ಆಗಿದ್ದು ಹೌದಲ್ಲ ಸಾರ್.”

ಅವರು ಅರ್ಜಿಯ ಪ್ರಿಂಟನ್ನು ಅವನತ್ತ ತಳ್ಳಿ, “ಮುದ್ರೆ ಹಾಕಿ ತನ್ನಿ. ಮೆಮೊ ಮಾತ್ರ ಕೊಡ್ಬೇಕಾಗುತ್ತೆ, ಈ ವರ್ಷದ ಇನ್‌ಕ್ರಿಮೆಂಟೂ ನಿಲ್ಲುತ್ತೆ” ಅಂದರು.

ಮುದ್ರೆಯ ಹಲ್ಲುಚಕ್ರವನ್ನು ಅವನು ಹೆಬ್ಬೆರಳಿನಿಂದ ಇಪ್ಪತ್ತನಾಲ್ಕರಿಂದ ಹಿಂದಕ್ಕೆ, ಒಂದೊಂದೇ ದಿನವಾಗಿ ಒಂಬತ್ತರ ತನಕ ತಿರುಗಿಸಿದ. ರಬ್ಬರು ಗಡುಸಾಗಿತ್ತು, ಬೆರಳೆಲ್ಲ ನೇರಳೆಯಾಯಿತು. ಒತ್ತಿದ. ಮತ್ತೆ ಹದಿನೈದು ದಿನ ಮುಂದಕ್ಕೆ ತಿರುಗಿಸಿಟ್ಟ.

“ಆಯ್ತಾ ಮಾಮ?” ಅಂದಳು ಅಕ್ಷರಾ, ಬಾಗಿಲಲ್ಲಿ.

“ತಾರೀಖಿನೊಳಗೆ ಬಂದಿದೆ. ಮುಂದಿಂದು ಸಾಹೇಬ್ರ ಕೈಲಿದೆ. ಹೋಗು, ಬಸ್ಸು ತಪ್ಪುತ್ತೆ.”

“ಅಮ್ಮನಿಗೆ ಏನ್ ಹೇಳ್ಲಿ?”

“ಕಾಗದ ಕಳೆದಿರ್ಲಿಲ್ಲ, ತಡ ಆಗಿತ್ತು ಅನ್ನು. ಯಾರಿಂದ ಅಂತ ಕೇಳಿದ್ರೆ ಅದನ್ನೂ ಹೇಳು.”

ಒಂದು ವಾರ ಕಳೆದು ಏಪ್ರಿಲ್ ಒಂದು ಬಂತು. ಅಕ್ಷರಾಳಿಗೆ ಹನ್ನೆರಡನೇ ತಾರೀಖು ಸಂದರ್ಶನಕ್ಕೆ ಬರಲು ಕಾಗದ ಹೋಗಿತ್ತು, ಷಣ್ಮುಖಪ್ಪನೇ ಅಂಟಿಸಿ ಕಳಿಸಿದ್ದ. ಅವನ ಮೆಮೊ ಅದಕ್ಕೆ ಎರಡು ದಿನ ಮೊದಲೇ ಬಂದು ಕೈ ಸೇರಿತ್ತು. ಕೈಕಾಲು ತೊಳೆದು ಕುಳಿತು ಹೊಸ ರಿಜಿಸ್ಟರು ಬಿಡಿಸಿದ. ಮೊದಲ ಸಾಲನ್ನು ಇದ್ದ ಹಾಗೇ ಇಳಿಸಿದ. ಎರಡನೆಯದಕ್ಕೆ ಬಂದು ಪೆನ್ನು ನಿಂತಿತು. ಬಹಳ ಹೊತ್ತಿನ ಮೇಲೆ, ‘ಲೆಟರ್‌ಹೆಡ್ ಇದ್ದರೂ ಇಲ್ಲದಿದ್ದರೂ ರಿಜಿಸ್ಟರಿಗೆ ಏರಿಸತಕ್ಕದ್ದು’ ಎಂದು ಬರೆದ. ಕೆಲಸ ಇಮ್ಮಡಿಯಾಗುತ್ತದೆ. ಆಗಲಿ, ಹದಿನಾಲ್ಕು ತಿಂಗಳು ತಾನೆ. ಮೂರನೆಯದನ್ನು ಇಳಿಸಿ, ಮಸಿ ಆರುವ ತನಕ ಊದುತ್ತ ಕೂತ.

ಆಮೇಲೆ ಆ ದಿನದ ಯಾದಿ ತೆಗೆದ. ಮುನ್ನೂರ ಹದಿನೆಂಟು. ಕಣ್ಣು ಈಗಲೇ ಉರಿಯುತ್ತಿತ್ತು. ಕನ್ನಡಕ ಒರೆಸಿ ಹಾಕಿಕೊಂಡು, ಬೆರಳನ್ನು ಗಾಜಿನ ಮೇಲೆ, ಮೊದಲ ಸಾಲಿನ ಕೊನೆಯ ಕಾಲಮಿನ ಮೇಲೆ ಇಟ್ಟ.